ಮೆಟ್ಟಿಲ ತಿರುವಿನ ಅಂಗೈಯಗಲ ನೀಲಿ

ಅಪ್ಪಾ,

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ನಮ್ಮ ಮೆಟ್ಟಿಲ ಗೋಡೆಗೆ ಬಣ್ಣ ಬಳಿಯುವ ಮಹಾಕಾರ್ಯವು ಇಂದು ಒಂಬತ್ತಕ್ಕೆ ಆರಂಭವಾಗಿ ಹತ್ತಕ್ಕೆ ನಿಂತುಹೋಗಿದೆ. ಕಾರಣ ನೀವು. ತೀರಿಕೊಂಡು ವರ್ಷವಾದರೂ ಅಡ್ಡಗಾಲು ಹಾಕುವುದನ್ನು ಬಿಟ್ಟಿಲ್ಲ.

ನೀವೇ ಬಳಿದಿದ್ದ ಕೆನೆಬಣ್ಣವನ್ನು ಪೇಂಟರ್ ಉಜ್ಜುತ್ತಿದ್ದಾಗ, ತಿರುವಿನಲ್ಲಿ ಅಂಗೈಯಗಲ ನೀಲಿ ಹೊರಬಿತ್ತು.

"ಮೇಡಂ, ಯಾರೋ ಸ್ಯಾಂಪಲ್ ಹಚ್ಚಿ ನೋಡಿದಾರೆ. ಅದೂ ಎರಡು ಕೋಟು!" ಎಂದ.

ಈ ಗೋಡೆಗೆ ಇದೇ ನೀಲಿ ಬೇಕೆಂದು ಜಗಳವಾಡಿ, ಮೂತಿ ಊದಿಸಿಕೊಂಡು ಮನೆ ಬಿಟ್ಟವಳು ನಾನು. "ಇದು ಮನೆನೋ ಸ್ವಿಮ್ಮಿಂಗ್ ಪೂಲೋ?" ಎಂದು ಗದರಿದವರು ನೀವು. ಆಮೇಲೆ ಒಬ್ಬರೇ ಹೋಗಿ ಡಬ್ಬಿ ತಂದಿರಾ? ಇಷ್ಟವಾಗಿದ್ದರೆ ಮೇಲೆ ಕೆನೆಬಣ್ಣ ಏಕೆ? ಇಷ್ಟವಾಗದಿದ್ದರೆ ಎರಡನೆಯ ಕೋಟು ಏಕೆ? ನನಗಂತೂ ತಲೆಬುಡ ತಿಳಿಯುತ್ತಿಲ್ಲ.

ಅಮ್ಮನನ್ನು ಕೇಳಿದೆ. "ನಂಗೆಲ್ಲಿ ಹೇಳ್ತಿದ್ರು ಅವರು? ನೀನು ಒಂದ್ಸಲ ಫೋನ್ ಮಾಡಿದ್ದಿದ್ರೆ ನಿಂಗೇ ಹೇಳ್ತಿದ್ರೇನೋ" ಎಂದು ಒಳಗೆ ಹೋದಳು.

ಪೇಂಟರ್ ಮೆಟ್ಟಿಲ ಮೇಲೆ ಕೂತು, ಟೀ ಕುಡಿದು, "ಯಾವ ಬಣ್ಣ ಮೇಡಂ?" ಎಂದು ಮೂರನೆಯ ಸಲ ಕೇಳುತ್ತಿದ್ದಾನೆ. ಡಬ್ಬಿಯ ಮೇಲಿನ ಶೇಡ್ ನಂಬರಿಲ್ಲದೆ ಅಂಗಡಿಯವರು ಅದೇ ನೀಲಿ ಬೆರೆಸಿ ಕೊಡುವುದಿಲ್ಲವಂತೆ. ಒಂದು ಉಪಕಾರ ಮಾಡಿ: ಆ ಡಬ್ಬಿಯ ನಂಬರನ್ನು ಎಲ್ಲಿ ಬರೆದಿಟ್ಟಿದ್ದೀರಿ, ಹೇಳಿ.