ಅಲುಗದ ನಕ್ಷತ್ರ

ಮಾರ್ಚ್ ೧೪, ಗುರುವಾರ

ಗ್ಯಾಲಕ್ಸಿಯ ಬೆಳಕಿನ ಏರಿಳಿತ ತೋರಿಸುವ ಆ ಗ್ರಾಫಿನ ಗೆರೆ ಇನ್ನೂ ಕಣ್ಣಲ್ಲೇ ಕೂತಿದೆ. ವಾರದಿಂದ ಭುಗಿಲೆದ್ದು ಕುಣಿಯುತ್ತಿದ್ದ ಗ್ಯಾಲಕ್ಸಿ ಇವತ್ತು ನನ್ನ ಟೆಲಿಸ್ಕೋಪಿನಲ್ಲಿ ಅಲುಗಲೇ ಇಲ್ಲ. ಗೆರೆ ನೇರ, ಅಲ್ಲಲ್ಲಿ ಮುಳ್ಳು ಚುಚ್ಚಿದಷ್ಟು ತಗ್ಗು. ಎಕ್ಸ್-ರೇ ಉಪಗ್ರಹ ನೋಡಿಕೊಳ್ಳುವ ಗೆಳತಿ ಫೋನ್ ಮಾಡಿ ರೇಗಿದಳು: "ನಮ್ಮಲ್ಲಿ ಹೊತ್ತಿ ಉರೀತಿದೆ ಕಣೇ! ನಿನಗೆ ಮಾತ್ರ ಯಾಕೆ ಕಾಣ್ತಿಲ್ಲ?"

ಗ್ಯಾಲಕ್ಸಿಯ ಬೆಳಕನ್ನು ನಾನು ಅಳೆಯುವುದು ಪಕ್ಕದ ಒಂದು ನಕ್ಷತ್ರಕ್ಕೆ ಹೋಲಿಸಿ. ಹನ್ನೊಂದು ವರ್ಷದಿಂದ ಕೂದಲೆಳೆಯಷ್ಟೂ ಬದಲಾಗದ ನಕ್ಷತ್ರ, ನಾನೇ ಆರಿಸಿದ್ದು. ಅನುಮಾನ ಬಂದು ಎರಡನ್ನೂ ಬೇರೆ ನಕ್ಷತ್ರಗಳ ಜೊತೆ ಹೋಲಿಸಿದೆ. ಇವತ್ತು ಗ್ಯಾಲಕ್ಸಿ ಏರಿದಾಗಲೆಲ್ಲ ನನ್ನ ನಕ್ಷತ್ರವೂ ಅಷ್ಟೇ ಏರಿದೆ, ಇಳಿದಾಗ ಇಳಿದಿದೆ; ಅದಕ್ಕೇ ಗೆರೆ ನೇರ.

ನಕ್ಷತ್ರ ನಮ್ಮ ನೆರೆಮನೆಯದು. ಗ್ಯಾಲಕ್ಸಿಯ ಬೆಳಕು ಹೊರಟಾಗ ಭೂಮಿಯ ಮೇಲೆ ಮನುಷ್ಯರೇ ಇರಲಿಲ್ಲ. ಎಲ್ಲಿಂದೆಲ್ಲಿಯ ನಂಟು?

ಇದನ್ನು ಗೆಳತಿಗೆ ಹೇಳಿದೆ. "ಮೋಡ ಇರ್ಬೇಕು, ಮಲಗು ಹೋಗು," ಅಂದಳು. ಮೋಡವಾಗಿದ್ದರೆ ಉಳಿದ ನಕ್ಷತ್ರಗಳೂ ಮಂಕಾಗಬೇಕಿತ್ತು ಅಂದೆ.

ಬೆಳಿಗ್ಗೆ ಈ ಗ್ಯಾಲಕ್ಸಿಯನ್ನು ನೋಡುತ್ತಿರುವ ಎಲ್ಲ ವೀಕ್ಷಣಾಲಯಗಳಿಗೂ ವರದಿ ಕಳಿಸಬೇಕು. ಅವರೂ ನಾನು ಕೊಟ್ಟ ನಕ್ಷತ್ರವನ್ನೇ ನಂಬಿದ್ದಾರೆ. ಏನಂತ ಬರೆಯಲಿ? ಗೆಳತಿಗೂ ಹೇಳದ ಮಾತೊಂದಿದೆ. ಆ ತಗ್ಗುಗಳ ಸಮಯವನ್ನು ಮೂರು ಸಲ ನೋಡಿದೆ. ಪ್ರತಿ ತಗ್ಗಿನಲ್ಲೂ ಮೊದಲು ಏರಿದ್ದು ನಕ್ಷತ್ರ, ಅದಕ್ಕೇ ಅಲ್ಲಿ ಗೆರೆ ತಗ್ಗಿದ್ದು. ಒಂದು ನಿಮಿಷ ಬಿಟ್ಟು ಗ್ಯಾಲಕ್ಸಿ, ಕರೆದದ್ದಕ್ಕೆ ಓಗೊಟ್ಟ ಹಾಗೆ.