ಹಿರಿಸೊಸೆಯ ಸೊಂಟ

ಹಿರಿಸೊಸೆಗೆ ಅತ್ತೆ ಮಾಡುವ ಆಶೀರ್ವಾದ.

ನನ್ನ ಸೊಂಟದ ಕೀಲು ಬದಲಿಸಿ ಹದಿನೈದು ವರ್ಷವಾಯಿತು. ಮೊನ್ನೆ ಎಕ್ಸ್‌ರೇ ನೋಡಿದ ಡಾಕ್ಟರು, "ಒಂಚೂರೂ ಸವೆದಿಲ್ಲ. ಇಷ್ಟು ಚೆನ್ನಾಗಿ ನೋಡ್ಕೊಂಡೋರು ಯಾರಮ್ಮಾ?" ಎಂದರು. "ನಾನೇ" ಎಂದೆ.

ನನ್ನನ್ನು ಎತ್ತಿ ಇಳಿಸಿಯೇ ನಿನ್ನ ಸೊಂಟ ಹಾಳಾಯಿತೆಂದು ತವರಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ನಾನೇನು ಅಷ್ಟು ಭಾರವಿರಲಿಲ್ಲ.

ನಿನ್ನ ಸೊಂಟದ ಆಪರೇಷನ್ ಆದ ಮೇಲೆ ಇಲ್ಲಿಗೇ ಬಂದು ಮಲಗುತ್ತೇನೆಂದು ಬರೆದಿದ್ದೀಯ. ಬೇಡ, ಅಲ್ಲೇ ಇರು. ನನ್ನ ಹಳೆಯ ವಾಕರ್ ಕಳಿಸುತ್ತೇನೆ. ನಡೆಯಲು ಬಂದ ಕೂಡಲೇ ವಾಪಸ್ಸು ಕಳಿಸು. ನಿನ್ನ ಗಂಡನಿಗೆ ಹಾಲು ಕಾಯಿಸಲೂ ಬರುವುದಿಲ್ಲ. ಕಿರಿಸೊಸೆ ಮೈ ಬಗ್ಗಿಸುವವಳಲ್ಲ. ಈ ಮನೆಯಲ್ಲಿ ಮಲಗಿದವರನ್ನು ಎತ್ತಿ ಕೂರಿಸುತ್ತಿದ್ದವಳು ನೀನೊಬ್ಬಳೇ.

ನಿನ್ನ ಅತ್ತೆ