ಬಾಗಿಲು ಮೇಲ್

ಸೋಮವಾರ, 3 ಫೆಬ್ರವರಿ 2025

ಯಾರಿಗೂ ಹೇಳದ ಒಂದು ವಿಷಯ. ಬೋಣಿ ಮೇಲನ್ನು ಸಂಜೆ ಅನ್‌ರೀಡ್ ಮಾಡಿಡುವುದನ್ನು ನಾನು ಬಿಟ್ಟು ಬಹಳ ತಿಂಗಳಾಯಿತು. ಆದರೂ ದಿನಾ ಬೆಳಿಗ್ಗೆ ಅದು ಓದದ ಮೇಲ್‌ನಂತೆ ದಪ್ಪಕ್ಷರದಲ್ಲಿ ಎಲ್ಲದರ ಮೇಲೆ ಕೂತಿರುತ್ತದೆ.

ಇವತ್ತೂ ಹಾಗೇ. ನಮ್ಮ ಕೋಲ್ಡ್ ಸ್ಟೋರೇಜಿನ ಮಾಲೀಕರಾದ ಗಂಗಾಧರಯ್ಯ ಸಾಹುಕಾರರು ಬಂದರು. ಕಂಪ್ಯೂಟರಿಗೆ ಗಂಧದಕಡ್ಡಿ ಬೆಳಗಿದರು. "ಬೋಣಿ ಆಗ್ಲಮ್ಮ" ಅಂದರು. ತೆರೆದೆ. ದಿನದ ಮೊದಲ ಮೇಲ್ ಕೆಟ್ಟ ಸುದ್ದಿಯದಾಗಬಾರದು ಎಂದು ಈ ಹಳೆಯ ಮೇಲನ್ನೇ ಮೊದಲು ತೆರೆಯುವುದು ಇಲ್ಲಿಯ ಪದ್ಧತಿ. ಕೋಲ್ಡ್ ಸ್ಟೋರೇಜ್ ಶುರುವಾದ ದಿನ ಚಂದ್ರಶೇಖರಯ್ಯ ಮೇಷ್ಟ್ರು ಕಳಿಸಿದ್ದು. ಇರುವುದು ಇಷ್ಟೇ — ಒಳಗಿದ್ದವರೆಲ್ಲ ಹೊರಗೆ ಬಂದರು. ಬಾಗಿಲು ಹಾಕಿದೆ.

ಮೇಷ್ಟ್ರು ಹೊಳೆನರಸೀಪುರದವರು. ಸ್ಕೂಲಿನಿಂದ ರಿಟೈರ್ ಆದ ಮೇಲೆ ಇಲ್ಲಿ ಮೇಲ್ ನೋಡುತ್ತಿದ್ದರು. ಸಂಜೆ ಆಲೂಗೆಡ್ಡೆ ಚೇಂಬರಿನ ಬಾಗಿಲಲ್ಲಿ ನಿಂತು ಕ್ಲಾಸಿನಲ್ಲಿ ಹಾಜರಿ ಕರೆದ ಹಾಗೆ ಒಬ್ಬೊಬ್ಬರ ಹೆಸರೂ ಕೂಗುವರಂತೆ. ಕೊನೆಯವರು ಓ ಎಂದ ಮೇಲೆಯೇ ಬಾಗಿಲು, ಆಮೇಲೆ ಸಾಹುಕಾರರಿಗೂ ಇನ್ಶೂರೆನ್ಸಿನವರಿಗೂ ಮೇಲ್. ಅದಕ್ಕೆ ಬಾಗಿಲು ಮೇಲ್ ಎಂದೇ ಹೆಸರು. ಹೋದ ವರ್ಷ ಅವರು ತೀರಿಕೊಂಡರು. ಈಗ ಆ ಕೆಲಸ ನನ್ನದು.

"ನೋಡ್ರಲಾ, ಇಸ್ಕೂಲ್ ಬಿಟ್ಟೋಳು ನಮಗೆ ಆಜರಿ ಕರೀತಾವ್ಳೆ," ಅಂದರು ಇವತ್ತು ಗೆಡ್ಡೆ ಆರಿಸುವ ಬೆಟ್ಟಮ್ಮಕ್ಕ. ಎಲ್ಲರೂ ನಕ್ಕರು. ನಾನೂ.

ಯಾರೋ ಪಾಸ್‌ವರ್ಡ್ ಗೊತ್ತಿರುವವರು ಬೋಣಿ ಮೇಲ್ ಜೊತೆ ಆಟ ಆಡುತ್ತಿದ್ದಾರೆ ಎಂದುಕೊಂಡು ಡಿಸೆಂಬರಿನಲ್ಲಿ ಪಾಸ್‌ವರ್ಡ್ ಬದಲಿಸಿದ್ದೆ. ಮಾರನೇ ದಿನವೂ ದಪ್ಪಕ್ಷರ. ಆಮೇಲೆ ವಿಚಾರಿಸುವುದನ್ನೇ ಬಿಟ್ಟೆ.

ಬುಧವಾರ, 12 ಫೆಬ್ರವರಿ

ಮ್ಯಾನೇಜರ್ ಮೋಹನ್‌ಕುಮಾರ್ ಮೈಸೂರಿನ ಟ್ರೇನಿಂಗ್ ಮುಗಿಸಿ ಬಂದರು. ಕೈಯಲ್ಲಿ ಹೊಸ ನೀರಿನ ಬಾಟಲಿ, ಬಾಯಲ್ಲಿ ಹೊಸ ಮಾತು.

"ರೂಪಾ, ಇನ್‌ಬಾಕ್ಸ್ ಅನ್ನೋದು ನಮ್ ಲೋಡು ಇಳ್ಸೋ ಪ್ಲಾಟ್‌ಫಾರಂ ಇದ್ದಂಗೆ ಕಣಮ್ಮ. ಬಂದ ಲೋಡು ಅಲ್ಲೇ ಬಿದ್ದಿದ್ರೆ ಕೊಳೀತದೆ. ಒಂದೊಂದು ಮೇಲನ್ನೂ ಒಂದೇ ಸಲ ಮುಟ್ಟು. ಮಾಡು, ಇಲ್ಲ ಯಾರ್ಗಾದ್ರೂ ದಾಟ್ಸು, ಇಲ್ಲ ಆಮೇಲೆಗೆ ಹಾಕು."

ಇಬ್ಬರೂ ಕೂತು ರೂಲ್ ಬರೆದೆವು. ಬಿತ್ತನೆ ಗೆಡ್ಡೆ ಕಳಿಸುವ ಜಲಂಧರಿನವರ ಮೇಲ್ ಬಂದರೆ ಕೆಂಪು. ಬ್ಯಾಂಕ್, ಕರೆಂಟ್ ಆಫೀಸಿನದು ಹಳದಿ. ಮಿಕ್ಕಿದ್ದೆಲ್ಲ ತಾನೇ 'ಆಮೇಲೆ' ಎಂಬ ಫೋಲ್ಡರಿಗೆ. ದಿನಕ್ಕೆ ಮೂರು ಹೊತ್ತು ಮಾತ್ರ ಮೇಲ್ ನೋಡುವುದು, ಊಟದ ಹಾಗೆ.

ಸುಳ್ಳು ಹೇಳಬಾರದು, ನನಗೆ ಇಷ್ಟವಾಯಿತು. ಸಂಜೆಗೆ ಇನ್‌ಬಾಕ್ಸ್ ಗುಡಿಸಿದ ಅಂಗಳದಂತಿತ್ತು. ಒಂದೇ ಕಡೆ ಕೂರಲಾಗದವಳಿಗೆ ಎದ್ದು ಓಡಾಡಲು ಸಮಯ ಸಿಕ್ಕಿತು.

ಮೂರನೇ ಚೇಂಬರಿನ ಬಾಗಿಲಿಗೆ ಒಳಗಡೆಯ ಹಿಡಿ ಕಿತ್ತುಹೋಗಿದೆ, ಯಾವತ್ತು ಬರಲಿ ಎಂದು ಹಾಸನದ ಮೆಕ್ಯಾನಿಕ್ ಬರೆದಿದ್ದ ಮೇಲ್ ಕೂಡ 'ಆಮೇಲೆ'ಗೆ ಹೋಯಿತು. ನೋಡಿ ಮೋಹನ್‌ಕುಮಾರ್‌ಗೆ ಹೇಳಿದೆ.

"ಲೋಡೆಲ್ಲ ಇಳೀಲಿ. ಈಗ ಅವನು ಬಂದು ಬಾಗಿಲು ಬಿಚ್ಕೊಂಡು ಕೂತ್ರೆ ತಣ್ಣಗಿರೋ ಗೆಡ್ಡೆ ಗತಿ ಏನು? ಆಮೇಲೆ."

ಗುರುವಾರ, 27 ಫೆಬ್ರವರಿ

ಇವತ್ತು ಮೋಹನ್‌ಕುಮಾರ್ ಜೊತೆ ಜಗಳ.

ಬಾಗಿಲು ಮೇಲ್ ಬರೆಯಲು ನಾನು ದಿನಾ ಅರ್ಧ ಗಂಟೆ ಹಾಳು ಮಾಡುತ್ತೇನಂತೆ. ಹೆಸರು ಕೂಗುವುದು, ಓ ಅನ್ನಿಸುವುದು, ಬಂದು ಟೈಪ್ ಮಾಡುವುದು. ದಿನಾ ಅದೇ ಮಾತು, ಅದೇ ಆರು ಗಂಟೆ. ಒಂದು ತಿಂಗಳದ್ದನ್ನು ಒಟ್ಟಿಗೆ ಬರೆದು ಶೆಡ್ಯೂಲ್ ಮಾಡು ಎಂದರು.

"ಅವರು ಹೊರಗೆ ಬರೋಕೆ ಮುಂಚೆ ಬಂದ್ರು ಅಂತ ಬರೆದ್ರೆ ಸುಳ್ಳಾಯ್ತದಲ್ಲ ಸಾ."

"ಆರು ಗಂಟೆಗೆ ಯಾರಮ್ಮ ಒಳಗಿರ್ತಾರೆ? ಬಸ್ಸಿಗೆ ಓಡೋ ಜನ. ಸುಳ್ಳೆಂಗಾಯ್ತದೆ?"

"ಇವತ್ತು ನಿಜ ಇರ್ಬೋದು. ನಾಳಿಂದು ನಮಗೆ ಹೆಂಗೆ ಗೊತ್ತು?"

"ಅದಕ್ಕೇ ಕಣಮ್ಮ ನೀನು ಎಸ್ಸೆಸ್ಸೆಲ್ಸಿ ಮುಗಿಸ್ದೆ ಇದ್ದಿದ್ದು."

ಅದು ನಿಜ. ಪರೀಕ್ಷೆಯಲ್ಲಿ ನಮ್ಮ ಸ್ಕೂಲಿನ ಮೇಷ್ಟ್ರೊಬ್ಬರೇ ಉತ್ತರ ಹೇಳಿದರು ಎಂದು ಸ್ಕ್ವಾಡಿನವರು ಕೇಳಿದಾಗ ಹೇಳಿಬಿಟ್ಟೆ. ಅಲ್ಲಿಗೆ ಸ್ಕೂಲು, ಗೆಳತಿಯರು, ಎಲ್ಲ ಮುಗಿಯಿತು.

ಆದರೂ ಇವತ್ತು ಶೆಡ್ಯೂಲ್ ಮಾಡಿದ್ದು ನಾನೇ. ಅವರು ಹೇಳಿದರು, ಬಟನ್ ಒತ್ತಿದ್ದು ನನ್ನ ಬೆರಳು. ಮಾರ್ಚ್ ಪೂರ್ತಿ ಮೇಲ್‌ಗಳು ಸಾಲಾಗಿ ನಿಂತಿವೆ. ಇನ್ನೂ ಬಾರದ ಸಂಜೆಗಳಲ್ಲಿ ಎಲ್ಲರೂ ಆಗಲೇ ಹೊರಗೆ ಬಂದಾಗಿದೆ. ಬಾಗಿಲು ಹಾಕಿಯಾಗಿದೆ.

ಕಂಪ್ಯೂಟರ್ ಆರಿಸಿ ಎದ್ದೆ.

ಗುರುವಾರ, 6 ಮಾರ್ಚ್

ಈಗ ಐದೂವರೆಯ ಬಸ್ಸು ಸಿಗುತ್ತದೆ. ಹಾಸನದ ರೂಮಿಗೆ ಬೆಳಕಿರುವಾಗಲೇ ಬರುತ್ತೇನೆ.

ಸ್ಟಾಪಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ ಹೆಸರು ಕೂಗಿದ ಹಾಗಾಯಿತು. ನನ್ನದಲ್ಲ. ಒಂದಾದ ಮೇಲೆ ಒಂದು, ನಡುವೆ ಸ್ವಲ್ಪ ಬಿಟ್ಟು, ಉತ್ತರಕ್ಕೆ ಕಾಯುವ ಹಾಗೆ. ಶಾಂತಿಗ್ರಾಮದ ಕಡೆಯಿಂದ ಲಾರಿ ಬಂತು, ಕೇಳಿಸಲಿಲ್ಲ. ಗೇಟಿನ ನಾಯಿ ಮಾತ್ರ ಎದ್ದು ನಿಂತು ಚೇಂಬರಿನ ಕಡೆ ನೋಡುತ್ತಿತ್ತು. ಬಾಲ ಆಡಿಸುತ್ತಿತ್ತು. ಗೊತ್ತಿರುವವರನ್ನು ಕಂಡರೆ ಮಾತ್ರ ಅದು ಬಾಲ ಆಡಿಸುವುದು.

ಶುಕ್ರವಾರ, 21 ಮಾರ್ಚ್. ಬೆಳಿಗ್ಗೆ

ಬೋಣಿ ಮೇಲ್ ದಪ್ಪಕ್ಷರದಲ್ಲಿಲ್ಲ.

ಎಲ್ಲಿ ಎಂದು ಹುಡುಕಬೇಕಾಯಿತು. ಕೆಳಗೆ, ವರ್ಷಗಳ ಕೆಳಗೆ, ಓದಿದ ಮೇಲ್‌ಗಳ ನಡುವೆ ತೆಳ್ಳಗೆ ಬಿದ್ದಿದೆ. ಸಾಹುಕಾರರು ಇನ್ನೂ ಬಂದಿಲ್ಲ. ಗಂಧದಕಡ್ಡಿ ಹಚ್ಚಿಲ್ಲ.

ಸೆಂಟ್ ಫೋಲ್ಡರ್ ನೋಡಿದೆ. ನಿನ್ನೆ ಆರಕ್ಕೆ ಬಾಗಿಲು ಮೇಲ್ ಹೋಗಿದೆ. ಒಳಗಿದ್ದವರೆಲ್ಲ ಹೊರಗೆ ಬಂದರು. ಅದನ್ನು ಬರೆದದ್ದು ಫೆಬ್ರವರಿಯಲ್ಲಿ. ನಿನ್ನೆ ಸಂಜೆಯ ಬಗ್ಗೆ ನನಗೆ ಏನೂ ಗೊತ್ತಿಲ್ಲ.

ಒಳಗೆ ಹಿಡಿಯಿಲ್ಲದ ಮೂರನೇ ಚೇಂಬರ್ ನಿನ್ನೆಗೆ ತುಂಬಿದೆ, ಗೆಡ್ಡೆ ತಣ್ಣಗಾಗಲೆಂದು ಸೋಮವಾರದವರೆಗೆ ತೆರೆಯುವಂತಿಲ್ಲ. ಇರಲಿ. ಕೀ ತೆಗೆದುಕೊಂಡು ಹೋಗುತ್ತಿದ್ದೇನೆ.

ಶನಿವಾರ, 22 ಮಾರ್ಚ್

ಬೆಟ್ಟಮ್ಮಕ್ಕ ಬದುಕಿದ್ದಾರೆ.

ನಿನ್ನೆ ಬಾಗಿಲು ಎಳೆದಾಗ ಹೊಸ್ತಿಲ ಹತ್ತಿರವೇ ಕೂತಿದ್ದರು. ಮೈಮೇಲೆ ಗೋಣಿಚೀಲ ಹೊದ್ದು, ಕಾಲನ್ನು ಇನ್ನೊಂದು ಚೀಲದೊಳಗೆ ತೂರಿಸಿಕೊಂಡು. ತುಟಿ ನೀಲಿ. ಕಣ್ಣು ತೆರೆದಿತ್ತು. ನನ್ನನ್ನು ನೋಡಿ "ಓ" ಅಂದರು. ಮತ್ತೆ "ಓ" ಅಂದರು. ನಾನು ಕೂಗಿಯೇ ಇರಲಿಲ್ಲ.

ಆಗಿದ್ದು ಇಷ್ಟು. ಗುರುವಾರ ಸಂಜೆ ಕೆಲಸ ಮುಗಿದ ಮೇಲೆ ಎಲೆಅಡಿಕೆ ಚೀಲ ಮರೆತೆನೆಂದು ವಾಪಸ್ ಒಳಗೆ ಹೋಗಿದ್ದರು. ಯಾರೋ ಬಾಗಿಲು ದೂಡಿ ಚಿಲಕ ಹಾಕಿಕೊಂಡು ಹೋದರು. ಒಳಗಡೆ ಹಿಡಿ ಇಲ್ಲ. ಬಡಿದರೂ ಆ ದಪ್ಪ ಬಾಗಿಲ ಈಚೆಗೆ ಕೇಳುವುದಿಲ್ಲ. ಕಟ್ಟಾಯದ ಮನೆಯಲ್ಲಿ ಅವರು ಒಬ್ಬರೇ. ಶುಕ್ರವಾರದಿಂದ ರಜ ಹಾಕಿ ಹಿರೀಸಾವೆಯ ಮಗಳ ಮನೆಗೆ ಹೋಗುತ್ತೇನೆಂದು ಎಲ್ಲರಿಗೂ ಹೇಳಿದ್ದರು. ಆದ್ದರಿಂದ ಯಾರೂ ಹುಡುಕಲಿಲ್ಲ. ಮಗಳಿಗೆ ಹೇಳಿರಲಿಲ್ಲ, ದಿಢೀರ್ ಹೋಗಿ ಖುಷಿಪಡಿಸೋಣ ಅಂತ.

ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ಹೆಂಗೆ ಗೊತ್ತಾಯ್ತು ಎಂದು ಕೇಳಿದರೆ ಒಂದು ಹಳೇ ಮೇಲ್ ತೆಳ್ಳಗಾಗಿತ್ತು ಎನ್ನುತ್ತೇನೆ. ಬೇರೆ ಏನು ಹೇಳಲಿ. ಅದೇ ನಿಜ.

ಮಂಗಳವಾರ, 25 ಮಾರ್ಚ್

ಹಾಸನದ ಆಸ್ಪತ್ರೆ. ಬೆಟ್ಟಮ್ಮಕ್ಕನ ಬಲಗಾಲಿನ ಎರಡು ಬೆರಳು ಉಳಿಯುವುದಿಲ್ಲವಂತೆ. ಮಗಳು ಗಂಜಿ ಕುಡಿಸುತ್ತಿದ್ದಳು. ನನ್ನ ಕೈ ಹಿಡಿದುಕೊಂಡರು.

"ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ. ಬೆಳಗಾಗಗಂಟ ಕೂಗ್ತಾನೇ ಇದ್ದೆಯಲ್ಲ."

"ನಾನಾ?"

"ಊಂ. ಈಚೆಯಿಂದ. ಒಬ್ಬೊಬ್ಬರ್ದೂ ಎಸ್ರು ಕೂಗದು. ಮಿಕ್ಕೋರ್ಯಾರೂ ಓ ಅನ್ನಾಕಿಲ್ಲ. ನನ್ ಎಸ್ರು ಬಂದಾಗ ಓ ಅನ್ನೋಳು. ಆಮೇಲ್ ಮೊದ್ಲಿಂದ. ಕಣ್ಣು ಮುಚ್ಕಳನ ಅನ್ನೋವತ್ಗೆ ಸರಿಯಾಗಿ ಬೆಟ್ಟಮ್ಮಾ ಅನ್ನದು. ರಾತ್ರಿವತ್ತು ಕೂಗುದ್ರೆ ಓ ಅನ್ಬಾರ್ದು ಅಂತಾರೆ. ಅನ್ಲಿ ಬುಡು. ಓ ಅಂದ್ಕಂಡೇ ಇದ್ದೆ. ನಿದ್ದೆ ಮಾಡಿದ್ರೆ ಸತ್ತೋಗ್ತಿದ್ದೆ ಅಂದ್ರು ಡಾಕ್ಟ್ರು."

"ಬೆಟ್ಟಮ್ಮಕ್ಕ, ನಾನು ರೂಮಲ್ಲಿ ಮಲಗಿದ್ದೆ. ನಾನು ಕೂಗಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಕೈ ಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು.

"ಗಂಡುಸ್ರು ದನಿ ಅಂಗಿತ್ತು. ಚಳೀಗೆ ನಿನ್ ಗಂಟ್ಲು ಕಟ್ಟದೆ ಅನ್ಕಂಡೆ."

ಶುಕ್ರವಾರ, 28 ಮಾರ್ಚ್

ಇನ್ಶೂರೆನ್ಸಿನವರ ಮೇಲ್. ಮೋಹನ್‌ಕುಮಾರ್ ಅದಕ್ಕೆ ಕೆಂಪು ಹಾಕಿದ್ದರು. ಒಂದೇ ಪ್ರಶ್ನೆ — ಆ ಸಂಜೆ ಬಾಗಿಲು ಹಾಕುವ ಮುಂಚೆ ಹೆಸರು ಕೂಗಿದ್ದಿರಾ?

ಉತ್ತರವನ್ನೂ ಮೋಹನ್‌ಕುಮಾರ್ ಅವರೇ ಬರೆದಿಟ್ಟಿದ್ದರು. ಕಳಿಸುವುದಷ್ಟೇ ನನ್ನ ಕೆಲಸ. ಹೆಸರು ಕೂಗಲಾಯಿತು. ಬೆಟ್ಟಮ್ಮ ಎಂಬುವರು ಓ ಎಂದು ಹೊರಗೆ ಬಂದರು. ಆಮೇಲೆ ಯಾರಿಗೂ ತಿಳಿಸದೆ ತಾವಾಗಿ ಒಳಗೆ ಹೋದರು. ತಪ್ಪು ಅವರದೇ.

ಓದಿದೆ. ಇಡೀ ರಾತ್ರಿ ಓ ಎಂದವರ ಮೇಲೆ ಆಡದ ಒಂದು ಓ ಹೊರಿಸಿದ್ದರು.

"ಕಳ್ಸಮ್ಮ," ಅಂದರು ಸಾಹುಕಾರರು. ಅವರ ಮುಖ ಬಾಡಿತ್ತು. ಕೆಟ್ಟವರಲ್ಲ. ಆಸ್ಪತ್ರೆಗೆ ದಿನಾ ಹೋಗುತ್ತಾರೆ. "ಅವಳನ್ನ ನಾನು ನೋಡ್ಕೋತೀನಿ. ಅವರಿಗೆ ಯಾಕೆ ಮನೆ ವಿಷಯ?"

ಮೋಹನ್‌ಕುಮಾರ್ ಬರೆದದ್ದನ್ನು ಅಳಿಸಿದೆ. ಹೊಸದಾಗಿ ಬರೆದೆ. ಹೆಸರು ಕೂಗಲಿಲ್ಲ. ಫೆಬ್ರವರಿ ಕೊನೆಯಿಂದ ಒಂದು ದಿನವೂ ಕೂಗಿಲ್ಲ. ಬಾಗಿಲು ಮೇಲ್‌ಗಳನ್ನು ಮುಂಚೆಯೇ ಬರೆದಿಟ್ಟದ್ದು ನಾನು. ಒಳಗಡೆ ಹಿಡಿ ಇರಲಿಲ್ಲ. — ರೂಪಶ್ರೀ.

ಕಳಿಸಿದೆ.

ಮೋಹನ್‌ಕುಮಾರ್ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತರು. "ಸ್ಕ್ವಾಡು ಬಂದಂಗಾಯ್ತಲ್ಲಮ್ಮ ಇಲ್ಲಿಗೂ." ಸಾಹುಕಾರರು ಕುರ್ಚಿಯಲ್ಲಿ ಕೂತರು. "ಹಬ್ಬಕ್ಕೆ ಊರಿಗೆ ಹೋದೋಳು ಮತ್ತೆ ಬರೋದು ಬೇಡಮ್ಮ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶನಿವಾರ, 29 ಮಾರ್ಚ್. ಸಂಜೆ

ಮೆಕ್ಯಾನಿಕ್ ಬಂದು ಹೊಸ ಹಿಡಿ ಹಾಕಿ ಹೋದ. ಶೆಡ್ಯೂಲಿನಲ್ಲಿ ಉಳಿದಿದ್ದ ಬಾಗಿಲು ಮೇಲ್‌ಗಳನ್ನೆಲ್ಲ ರದ್ದು ಮಾಡಿದೆ. 'ಆಮೇಲೆ' ಫೋಲ್ಡರನ್ನು ಒಂದೊಂದಾಗಿ ಓದಿದೆ. ಹೆಚ್ಚಿನವು ಕಾಯಬಹುದಾದ ಮೇಲ್‌ಗಳೇ. ಯಾವುದು ಕಾಯಬಾರದ್ದು ಎಂದು ಬಣ್ಣ ನೋಡಿ ತಿಳಿಯುವುದಿಲ್ಲ, ಅಷ್ಟೆ.

ಬೋಣಿ ಮೇಲ್ ತೆಳ್ಳಗೇ ಇದೆ. ಆಮೇಲೆ ಒಂದು ದಿನವೂ ದಪ್ಪವಾಗಿಲ್ಲ.

ಸಂಜೆ ಮೂರನೇ ಚೇಂಬರಿನ ಬಾಗಿಲಲ್ಲಿ ನಿಂತು ಹೆಸರು ಕೂಗಿದೆ. ಇವತ್ತು ಯಾರೂ ನಗಲಿಲ್ಲ. ಎಲ್ಲರೂ ಗಟ್ಟಿಯಾಗಿ ಓ ಅಂದರು. ಅವರು ಬಸ್ಸಿಗೆ ಹೋದ ಮೇಲೆ ಟಾರ್ಚ್ ಹಿಡಿದು ಒಳಗೆ ಹೋದೆ. ಚೀಲಗಳ ಸಂದಿ, ಮೂಲೆ, ಎಲ್ಲ ನೋಡಿದೆ. ಬೆಟ್ಟಮ್ಮಕ್ಕ ಕೂತಿದ್ದ ಜಾಗದಲ್ಲಿ ಎಲೆಅಡಿಕೆ ಚೀಲ ಇನ್ನೂ ಬಿದ್ದಿತ್ತು. ಬಗ್ಗಿ ಎತ್ತಿಕೊಂಡೆ.

ಹೊರಗಿನಿಂದ ಯಾರೋ ಕೂಗಿದರು.

"ರೂಪಶ್ರೀ."

ಇಲ್ಲಿ ಎಲ್ಲರೂ ನನ್ನನ್ನು ರೂಪಾ ಎನ್ನುವುದು. ಪೂರ್ತಿ ಹೆಸರು ಕೂಗಿಸಿಕೊಂಡದ್ದು ಸ್ಕೂಲಿನ ಹಾಜರಿಯಲ್ಲೇ ಕೊನೆ. ವಯಸ್ಸಾದ ದನಿ. ಅವಸರವಿಲ್ಲ. ಕೂಗಿ, ಕಾಯುತ್ತಿತ್ತು.

ಓ ಅಂದೆ. ಹೊರಗೆ ಬಂದೆ.

ಯಾರೂ ಇರಲಿಲ್ಲ. ನಾಯಿ ಕೂತು ಬಾಲ ಆಡಿಸುತ್ತಿತ್ತು. ಬಾಗಿಲು ಎಳೆದು ಚಿಲಕ ಹಾಕಿದೆ. ಆಫೀಸಿಗೆ ಹೋಗಿ ನಾನೇ ಟೈಪ್ ಮಾಡಿದೆ. ಒಳಗಿದ್ದವರೆಲ್ಲ ಹೊರಗೆ ಬಂದರು. ಬಾಗಿಲು ಹಾಕಿದೆ. ಎರಡು ಸಲ ಓದಿ ನೋಡಿದೆ. ಒಂದು ಮಾತೂ ಸುಳ್ಳಿರಲಿಲ್ಲ. ಕಳಿಸಿ, ಪಾಸ್‌ವರ್ಡ್ ಚೀಟಿಯನ್ನು ಮೋಹನ್‌ಕುಮಾರ್ ಮೇಜಿನ ಮೇಲಿಟ್ಟೆ.

ಎಲೆಅಡಿಕೆ ಚೀಲವನ್ನು ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ಬೆಟ್ಟಮ್ಮಕ್ಕನಿಗೆ ಕೊಟ್ಟು ಬಂದೆ. ಬಟ್ಟೆ ತುಂಬಿಯಾಯಿತು. ನಮ್ಮೂರು ಅರಕಲಗೂಡಿಗೆ ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಬೇಕು.

ನಾಳೆ ಹೊರಡುತ್ತೇನೆ.